‘ದೌ’ ಅಂದರೆ ತಾವು ಅಲ್ಲ, ನೀನು

ಪ್ರಶ್ನೆ: ನನ್ನ ಮಗಳು ಬಿ.ಎ. ಓದುತ್ತಿದ್ದಾಳೆ. ಇಂಗ್ಲಿಷ್ ಸಾಹಿತ್ಯ ಅವಳ ವಿಷಯ. ಷೇಕ್ಸ್‌ಪಿಯರನ ನಾಟಕಗಳಲ್ಲಿ ಬರುವ ‘ದೌ’ (thou) ನಮ್ಮ ‘ತಾವು’ ಇದ್ದ ಹಾಗೆ, ತುಂಬ ಮರ್ಯಾದೆಯ ಮಾತು ಎಂದು ಹೇಳಿಕೊಟ್ಟೆ. ನಾನು ಓದಿದ್ದು ಕಾನ್ವೆಂಟಿನಲ್ಲಿ. ದಿನಾ ಬೆಳಿಗ್ಗೆ ಪ್ರಾರ್ಥನೆಯಲ್ಲಿ ದೇವರನ್ನು ಹಾಗೇ ಕರೆಯುತ್ತಿದ್ದೆವು. ಮಗಳು ಮಾತ್ರ ‘ಅಲ್ಲಮ್ಮ, ಅದು ಏಕವಚನ’ ಎನ್ನುತ್ತಾಳೆ. ಯಾರು ಸರಿ? ಈ ಪದ ಎಲ್ಲಿಂದ ಬಂತು? ಈಗ ಯಾಕೆ ಯಾರೂ ಬಳಸುವುದಿಲ್ಲ?

ಉತ್ತರ: ಮಗಳೇ ಸರಿ. ‘ದೌ’ ಅಪ್ಪಟ ಏಕವಚನ, ನಮ್ಮ ‘ನೀನು’. ಆ ಕಾಲದಲ್ಲಿ ಮರ್ಯಾದೆಯ ಮಾತು ‘ಯೂ’. ಹಾಗೆ ನೋಡಿದರೆ ಇವತ್ತು ಇಂಗ್ಲಿಷಿನವರು ಕೈಗೂಸಿಗೂ ನಾಯಿಮರಿಗೂ ‘ಯೂ’ ಎಂದೇ ಹೇಳುತ್ತಾರಲ್ಲ, ಅವರು ಮನೆಯ ನಾಯಿಗೂ ‘ಬನ್ನಿ, ಕೂತ್ಕೊಳ್ಳಿ’ ಎನ್ನುತ್ತಿದ್ದಾರೆ. ಅದು ಅವರಿಗೇ ಮರೆತುಹೋಗಿದೆ, ಅಷ್ಟೇ.

ನಿಮ್ಮ ತಪ್ಪು ನಿಮ್ಮೊಬ್ಬರದೇ ಅಲ್ಲ. ನಾನು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ಒಬ್ಬ ಹುಡುಗ ರಜೆ ಚೀಟಿ ಬರೆದುಕೊಂಡು ಬಂದ. ಅಕ್ಕನ ಮದುವೆ, ಮೂರು ದಿನ ರಜೆ ಬೇಕಿತ್ತು. ‘ಐ ಬೆಗ್ ದೀ, ಸರ್’ ಅಂತ ಶುರುವಾಗಿತ್ತು ಪತ್ರ. ಅಂದರೆ ‘ಸರ್, ನಿನ್ನನ್ನು ಬೇಡಿಕೊಳ್ಳುತ್ತೇನೆ’. ಇಂಗ್ಲಿಷಿನಲ್ಲಿ ಇದಕ್ಕಿಂತ ದೊಡ್ಡ ವಿನಯ ಇಲ್ಲ ಎಂದೇ ಅವನು ನಂಬಿದ್ದ. ಸುಮ್ನೆ ಸಹಿ ಹಾಕಿ ಕಳಿಸಿದೆ. ಮದುವೆ ಮುಗಿಸಿ ಬಂದ ಮೇಲೆ ಅರ್ಥ ಹೇಳಿದೆ. ಪಾಪ, ಕಿವಿ ಕೆಂಪಾಯಿತು.

ಮೊದಲು ಉಚ್ಚಾರಣೆ. ನಮ್ಮಲ್ಲಿ ಜಾಸ್ತಿ ಜನ ‘ಥೌ’ ಎನ್ನುತ್ತಾರೆ. ‘ದಿಸ್’, ‘ದಟ್’ ಪದಗಳಲ್ಲಿ ಬರುವ ‘ದ’ ಇಲ್ಲಿಯೂ ಬರುವುದು. ದೌ, ದೀ, ದೈ, ದೈನ್. ನೀನು, ನಿನ್ನನ್ನು, ನಿನ್ನ, ನಿನ್ನದು. ಕನ್ನಡದವರಿಗೆ ಇದನ್ನು ಹೇಳಿಕೊಡುವುದು ಬಹಳ ಸುಲಭ. ನಮಗೆ ಎಲ್ಲ ರೂಪಗಳೂ ಬಾಯಲ್ಲೇ ಇವೆ. ಇವತ್ತಿನ ಇಂಗ್ಲಿಷ್ ಹುಡುಗರು ಇದನ್ನು ಉರು ಹೊಡೆಯಬೇಕು. ‘ದೈನ್’ ಇನ್ನೊಂದು ಕಡೆಯೂ ಬರುತ್ತದೆ. ಮುಂದಿನ ಪದ ಸ್ವರದಿಂದ ಶುರುವಾದರೆ ‘ದೈ’ ಬದಲು ‘ದೈನ್’. ‘ದೈ ಹ್ಯಾಂಡ್’, ಆದರೆ ‘ದೈನ್ ಐಸ್’. ‘ಎ ಬುಕ್’, ‘ಆ್ಯನ್ ಆ್ಯಪಲ್’ ಎನ್ನುತ್ತೇವಲ್ಲ, ಅದೇ ಲೆಕ್ಕ.

ಪದ ಬಹಳ ಹಳೆಯದು. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಅದನ್ನು ‘ಥೂ’ ಎಂದು ಬರೆಯುತ್ತಿದ್ದರು. (ನಮ್ಮ ಥೂ ಅಲ್ಲ, ನಗಬೇಡಿ.) ಲ್ಯಾಟಿನ್ನಿನ ‘ತು’, ಜರ್ಮನ್ನಿನ ‘ದು’, ಹಿಂದಿಯ ‘ತೂ’, ಸಂಸ್ಕೃತದ ‘ತ್ವಮ್’ ಎಲ್ಲ ಇದರ ದಾಯಾದಿಗಳು. ಒಂದೇ ಬೇರಿನಿಂದ ಒಡೆದ ಕೊಂಬೆಗಳು. ನಮ್ಮ ‘ನೀನು’ ಈ ಮನೆತನದ್ದಲ್ಲ. ಅದು ತಮಿಳಿನ ‘ನೀ’ ಇರುವ ದ್ರಾವಿಡ ಮನೆಯದು. ಇನ್ನೊಂದು ಮಜಾ ನೋಡಿ. ಸಂಸ್ಕೃತದಲ್ಲಿ ‘ನೀವಿಬ್ಬರು’ ಎನ್ನುವುದಕ್ಕೆ ‘ಯುವಾಮ್’ ಎಂಬ ದ್ವಿವಚನ ಇದೆಯಲ್ಲ, ಹಾಗೆಯೇ ಹಳೆಯ ಇಂಗ್ಲಿಷಿನಲ್ಲೂ ಇಬ್ಬರಿಗೆಂದೇ ಬೇರೆ ಸರ್ವನಾಮ ಇತ್ತು. ಹದಿಮೂರನೇ ಶತಮಾನ ಮುಗಿಯುವಷ್ಟರಲ್ಲಿ ಅದು ಮಾಯವಾಯಿತು. ಬಹುವಚನದಲ್ಲೂ ಎರಡು ರೂಪ ಇದ್ದವು. ಕರ್ತೃ ಆದಾಗ ‘ಯೀ’, ಕರ್ಮ ಆದಾಗ ‘ಯೂ’. ‘ನೀವು’ ಮತ್ತು ‘ನಿಮ್ಮನ್ನು’. ಕಾಲಕ್ರಮದಲ್ಲಿ ‘ಯೂ’ ಎಲ್ಲವನ್ನೂ ನುಂಗಿತು.

ಇಲ್ಲೊಂದು ಸಣ್ಣ ಗೊಂದಲ ಬಿಡಿಸಬೇಕು. ಲಂಡನ್ನಿಗೆ ಹೋದವರು ಹಳೆಯ ಪಬ್ಬುಗಳ ಬೋರ್ಡಿನ ಫೋಟೋ ತೆಗೆದು ತರುತ್ತಾರೆ, ‘ಯೀ ಓಲ್ಡ್’ ಎಂದು ಏನೋ ಇರುತ್ತದೆ. ಆ ‘ಯೀ’ ಈ ‘ಯೀ’ ಅಲ್ಲ. ಇಂಗ್ಲಿಷಿನಲ್ಲಿ ‘ಥ’, ‘ದ’ ಸದ್ದಿಗೆ ಥಾರ್ನ್ ಎಂಬ ಒಂಟಿ ಅಕ್ಷರ ಇತ್ತು. ‘ದೌ’ ಪದವನ್ನೂ ಅದರಿಂದಲೇ ಬರೆಯುತ್ತಿದ್ದರು. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ವೆಸ್ಟ್‌ಮಿನ್‌ಸ್ಟರಿನಲ್ಲಿ ಅಚ್ಚುಕೂಟ ಹಾಕಿದ. ಯುರೋಪಿನಿಂದ ಬಂದ ಅಚ್ಚಿನ ಮೊಳೆಗಳಲ್ಲಿ ಥಾರ್ನ್ ಇರಲಿಲ್ಲ. ಕೈಬರಹದಲ್ಲಿ ಥಾರ್ನ್ ಆಗಲೇ ‘ವೈ’ ಅಕ್ಷರದ ಹಾಗೆ ಕಾಣುತ್ತಿತ್ತು. ಮುದ್ರಕರು ‘ವೈ’ ಮೊಳೆಯನ್ನೇ ಜೋಡಿಸಿದರು. ಹಾಗಾಗಿ ಬೋರ್ಡಿನಲ್ಲಿ ಇರುವುದು ‘ದಿ ಓಲ್ಡ್’. ಅದನ್ನು ‘ಯೀ’ ಎಂದು ಓದುವುದು ಕಣ್ಣಿನ ತಪ್ಪು.

ಈಗ ಮುಖ್ಯ ವಿಷಯ. ಮೊದಮೊದಲು ‘ದೌ’ ಒಬ್ಬನಿಗೆ, ‘ಯೀ’ ಹಲವರಿಗೆ. ರಾಜನಾದರೂ ಒಬ್ಬನೇ ಇದ್ದರೆ ‘ದೌ’. ಮರ್ಯಾದೆಯ ಪ್ರಶ್ನೆಯೇ ಇಲ್ಲ, ತಲೆ ಎಣಿಸುವುದಷ್ಟೇ. ಒಬ್ಬನನ್ನೇ ಹಲವರೆಂದು ಕರೆಯುವ ಚಾಳಿ ಬಂದದ್ದು ರೋಮಿನ ಕಡೆಯಿಂದ. ನಾಲ್ಕನೇ ಶತಮಾನದ ಹೊತ್ತಿಗೆ ಲ್ಯಾಟಿನ್ನಿನಲ್ಲಿ ಚಕ್ರವರ್ತಿಗೆ ಬಹುವಚನ ಕೊಡುವ ರೂಢಿ ಬಂದಿತ್ತು. ಅದು ಫ್ರೆಂಚಿಗೆ ಇಳಿಯಿತು. 1066ರಲ್ಲಿ ಫ್ರೆಂಚ್ ಮಾತಾಡುವ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಅರಮನೆಯ ಮಾತು ಫ್ರೆಂಚ್ ಆಯಿತು. ಹದಿಮೂರನೇ ಶತಮಾನದಿಂದ ಇಂಗ್ಲಿಷಿನಲ್ಲೂ ದೊಡ್ಡವರಿಗೆ ‘ಯೀ’, ‘ಯೂ’ ಕೊಡುವುದು ಶುರುವಾಯಿತು.

ಅಲ್ಲಿಂದ ಮುಂದೆ ‘ದೌ’ ಪದಕ್ಕೆ ನಾಲ್ಕೈದು ಮುಖ ಬಂದವು. ಯಜಮಾನ ಆಳಿಗೆ ಹೇಳುವ ‘ದೌ’. ಅಪ್ಪ ಅಮ್ಮ ಮಕ್ಕಳಿಗೆ ಹೇಳುವ ‘ದೌ’. ಪ್ರೇಮಿಗಳು ಗುಟ್ಟಾಗಿ ಹೇಳಿಕೊಳ್ಳುವ ‘ದೌ’. ಬಡವರು ತಮ್ಮತಮ್ಮಲ್ಲೇ ಆಡುವ ‘ದೌ’. ಜಗಳಕ್ಕಿಳಿದವನ ಬಾಯಿಯ ‘ದೌ’. ಕನ್ನಡದವರಿಗೆ ಇದರಲ್ಲಿ ಹೊಸದೇನೂ ಇಲ್ಲ ಅಲ್ವಾ? ಗೆಳೆಯ ‘ಏನೋ, ಎಲ್ಲಿದ್ದೀಯೋ’ ಎಂದರೆ ಖುಷಿ. ಬಸ್ಸಿನಲ್ಲಿ ಗುರುತಿಲ್ಲದವನು ಅದೇ ಮಾತು ಹೇಳಿದರೆ ಕೈ ಕೈ ಮಿಲಾಯಿಸುತ್ತದೆ. ಹಳ್ಳಿಯ ಅಜ್ಜಿ ಜಿಲ್ಲಾಧಿಕಾರಿಯನ್ನೂ ‘ನೀನು ಚೆನ್ನಾಗಿರಪ್ಪ’ ಎಂದು ಹರಸುತ್ತಾಳೆ, ಅವರು ಕೈ ಮುಗಿಯುತ್ತಾರೆ. ಪದ ಒಂದೇ. ಯಾರು ಯಾರಿಗೆ, ಎಲ್ಲಿ, ಯಾವ ದನಿಯಲ್ಲಿ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ನಿಮ್ಮ ಮಗಳ ಪಠ್ಯದಲ್ಲಿ ‘ಹ್ಯಾಮ್ಲೆಟ್’ ಇದ್ದರೆ ಮೂರನೇ ಅಂಕದ ನಾಲ್ಕನೇ ದೃಶ್ಯ ತೆಗೆಯಲು ಹೇಳಿ. ರಾಣಿ ಗರ್‌ಟ್ರೂಡ್ ಮಗನನ್ನು ಗದರಲು ಕರೆಸಿದ್ದಾಳೆ. ಗಂಡ ಸತ್ತು ಬಹಳ ದಿನ ಆಗಿಲ್ಲ, ಅವಳು ಮೈದುನನನ್ನೇ ಮದುವೆಯಾಗಿದ್ದಾಳೆ. ಈಗ ಅವನನ್ನೇ ‘ನಿನ್ನ ತಂದೆ’ ಎನ್ನುತ್ತಿದ್ದಾಳೆ. ಸುಮಾರಾಗಿ ಕನ್ನಡಕ್ಕೆ ತಂದರೆ ಹೀಗೆ:

‘ಹ್ಯಾಮ್ಲೆಟ್, ನೀನು ನಿನ್ನ ತಂದೆಯ ಮನಸ್ಸನ್ನು ಬಹಳ ನೋಯಿಸಿದ್ದೀಯ.’

‘ತಾಯಿ, ನೀವು ನನ್ನ ತಂದೆಯ ಮನಸ್ಸನ್ನು ಬಹಳ ನೋಯಿಸಿದ್ದೀರಿ.’

‘ಸಾಕು, ಸಾಕು, ನೀವು ತಲೆಹರಟೆ ಉತ್ತರ ಕೊಡುತ್ತಿದ್ದೀರಿ.’

ಮೊದಲ ಸಾಲಿನಲ್ಲಿ ತಾಯಿ ಮಗನಿಗೆ ‘ದೌ’ ಎಂದಳು. ಗದರಿದರೂ ಅದರಲ್ಲಿ ಹೆತ್ತ ಕರುಳು ಇದೆ. ಮಗ ‘ಯೂ’ ಎಂದ. ರಾಣಿಗೆ ಮಗ ಕೊಡಬೇಕಾದ ಮರ್ಯಾದೆಯೇ ಅದು, ಮೇಲುನೋಟಕ್ಕೆ ತಪ್ಪೇನೂ ಇಲ್ಲ. ಆದರೆ ಅವಳ ವಾಕ್ಯವನ್ನೇ ತಿರುಗಿಸಿ ಅವಳ ಮುಖಕ್ಕೆ ಎಸೆದಿದ್ದಾನೆ. ಮೂರನೇ ಸಾಲಿನಲ್ಲಿ ತಾಯಿಯೂ ‘ಯೂ’ಗೆ ಬದಲಾಗುತ್ತಾಳೆ. ಮಗನಿಗೆ ಬಹುವಚನ! ನಮ್ಮ ಮನೆಗಳಲ್ಲಿ ರಾತ್ರಿ ಹನ್ನೊಂದಕ್ಕೆ ಬಾಗಿಲು ತೆಗೆದ ಅಮ್ಮ ‘ಏನು ಸಾಹೇಬರು, ಈಗ ಬಂದ್ರಾ?’ ಎಂದರೆ ಮಗನಿಗೆ ತಕ್ಷಣ ಗೊತ್ತಾಗುತ್ತದೆ, ಇವತ್ತು ಗ್ರಹಚಾರ ಕೆಟ್ಟಿದೆ ಎಂದು. ಅದೇ ದನಿ ಇದು. ಇವತ್ತಿನ ಇಂಗ್ಲಿಷ್ ಓದುಗರಿಗೆ ಈ ಜಾಗದಲ್ಲಿ ಅಡಿಟಿಪ್ಪಣಿ ಬೇಕು. ನಮಗೆ ಬೇಡ.

ಷೇಕ್ಸ್‌ಪಿಯರ್ ಎಲ್ಲ ಕಡೆ ಇಷ್ಟು ಲೆಕ್ಕ ಇಟ್ಟು ಬರೆದ ಎಂದುಕೊಳ್ಳಬೇಡಿ. ಒಂದೇ ಮಾತಿನಲ್ಲಿ ಕಾರಣವೇ ಇಲ್ಲದೆ ಎರಡನ್ನೂ ಬೆರೆಸಿದ ಜಾಗಗಳೂ ಇವೆ. ಪ್ರತಿ ‘ದೌ’ ಹಿಂದೆ ಏನೋ ಗೂಢಾರ್ಥ ಹುಡುಕುವ ಮೇಷ್ಟ್ರುಗಳನ್ನು ಕಂಡರೆ ನನಗೆ ಸ್ವಲ್ಪ ಭಯ. ಪದ ಬದಲಾದ ಜಾಗದಲ್ಲಿ ಒಂದು ಕ್ಷಣ ನಿಂತು ನೋಡಿದರೆ ಸಾಕು.

‘ದೌ’ ಬೈಗುಳವೂ ಆಗಿತ್ತು ಎಂದೆ. ಅದಕ್ಕೆ ನಾಟಕದಿಂದ ಒಂದು, ಕೋರ್ಟಿನಿಂದ ಒಂದು ಸಾಕ್ಷಿ ಕೊಡುತ್ತೇನೆ. ‘ಟ್ವೆಲ್ತ್ ನೈಟ್’ ನಾಟಕದಲ್ಲಿ ಸರ್ ಟೋಬಿ ಎಂಬ ಕುಡುಕ ಇದ್ದಾನೆ. ತನ್ನ ಪೆದ್ದ ಗೆಳೆಯ ಆ್ಯಂಡ್ರೂಗೆ ಒಬ್ಬನ ಮೇಲೆ ಜಗಳದ ಪತ್ರ ಬರೆಯಲು ಕುಮ್ಮಕ್ಕು ಕೊಡುತ್ತಾನೆ. ‘ಅವನಿಗೆ ಒಂದು ಮೂರು ಸಲ ದೌ ಅಂತ ಬರಿ, ತಪ್ಪೇನಿಲ್ಲ’ ಎನ್ನುತ್ತಾನೆ. ಇಲ್ಲಿ ‘ದೌ’ ಕ್ರಿಯಾಪದವೂ ಆಗಿದೆ. ಒಬ್ಬನನ್ನು ‘ದೌ’ ಮಾಡುವುದು. ನಮ್ಮಲ್ಲಿ ‘ಏಕವಚನಕ್ಕೆ ಇಳಿದ’ ಎನ್ನುತ್ತೇವಲ್ಲ, ಅದೇ. ಈ ನಾಟಕವನ್ನು 1602ರ ಫೆಬ್ರುವರಿಯಲ್ಲಿ ಲಂಡನ್ನಿನ ಮಿಡ್ಲ್ ಟೆಂಪಲ್‌ನಲ್ಲಿ ಆಡಿದರು. ಅದು ವಕೀಲರ ಜಾಗ. ಟೋಬಿಯ ಮಾತಿಗೆ ಅವತ್ತು ವಕೀಲರೆಲ್ಲ ನಕ್ಕಿರಬೇಕು.

ಎರಡು ವರ್ಷವೂ ಕಳೆದಿರಲಿಲ್ಲ. 1603ರ ನವೆಂಬರಿನಲ್ಲಿ ಸರ್ ವಾಲ್ಟರ್ ರಾಲಿಯ ಮೇಲೆ ರಾಜದ್ರೋಹದ ವಿಚಾರಣೆ ನಡೆಯಿತು. ಲಂಡನ್ನಿನಲ್ಲಿ ಪ್ಲೇಗ್ ಇದ್ದುದರಿಂದ ಕೋರ್ಟು ವಿಂಚೆಸ್ಟರಿನಲ್ಲಿ ಕೂತಿತು. ರಾಲಿ ಸಾಮಾನ್ಯನಲ್ಲ. ಎಲಿಜಬೆತ್ ರಾಣಿಗೆ ಬೇಕಾದವನಾಗಿದ್ದವನು, ಕವಿ, ಸಮುದ್ರ ದಾಟಿ ಬಂದವನು. ಅಟಾರ್ನಿ ಜನರಲ್ ಎಡ್ವರ್ಡ್ ಕೋಕ್ ವಾದ ಮಾಡುತ್ತ ಮಾಡುತ್ತ ಸಿಟ್ಟಿಗೆದ್ದ. ರಾಲಿಯನ್ನು ಹಾವು ಎಂದು ಕರೆದ. ಆಮೇಲೆ ಹೇಳಿದ, ‘ಐ ದೌ ದೀ, ದೌ ಟ್ರೇಟರ್!’ ‘ನಿನಗೆ ಏಕವಚನವೇ ಸರಿ ಕಣೋ, ದ್ರೋಹಿ!’ ಏಕವಚನದಲ್ಲಿ ಬೈದದ್ದಷ್ಟೇ ಅಲ್ಲ, ‘ಬೇಕೆಂದೇ ಏಕವಚನದಲ್ಲಿ ಬೈಯುತ್ತಿದ್ದೇನೆ’ ಎಂದೂ ಸಾರಿ ಹೇಳಿದ. ಅವನು ಮುಂದೆ ದೊಡ್ಡ ನ್ಯಾಯಾಧೀಶನಾದ, ಇಂಗ್ಲಿಷ್ ಕಾನೂನಿನಲ್ಲಿ ಅವನ ಹೆಸರು ಇವತ್ತಿಗೂ ಇದೆ. ರಾಲಿಯನ್ನು ಆಗ ಲಂಡನ್ನಿನ ಟವರಿನಲ್ಲಿ ಕೂಡಿಹಾಕಿದರು. 1618ರಲ್ಲಿ ತಲೆ ತೆಗೆದರು. ಆ ಒಂದು ಬೈಗುಳ ಮಾತ್ರ ನಾನೂರು ವರ್ಷದಿಂದ ಓಡಾಡುತ್ತಿದೆ.

ಹಾಗಾದರೆ ದೇವರಿಗೆ ಯಾಕೆ ‘ದೌ’? ನಿಮ್ಮ ಕಾನ್ವೆಂಟಿನ ಪ್ರಾರ್ಥನೆಗೆ ಈಗ ಬರೋಣ.

ಬೈಬಲ್ಲಿನ ಮೂಲ ಭಾಷೆಗಳಾದ ಹೀಬ್ರೂ, ಗ್ರೀಕುಗಳಲ್ಲಿ ಮರ್ಯಾದೆಗೆಂದು ಬಹುವಚನ ಕೊಡುವ ಪದ್ಧತಿ ಇಲ್ಲ. ಒಬ್ಬ ಇದ್ದರೆ ಏಕವಚನ, ಜಾಸ್ತಿ ಜನ ಇದ್ದರೆ ಬಹುವಚನ. ವಿಲಿಯಂ ಟಿಂಡೇಲ್ 1526ರಲ್ಲಿ ಹೊಸ ಒಡಂಬಡಿಕೆಯನ್ನು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದಾಗ ಅದನ್ನೇ ಪಾಲಿಸಿದ. 1611ರ ಕಿಂಗ್ ಜೇಮ್ಸ್ ಬೈಬಲ್ ಅದೇ ಜಾಡು ಹಿಡಿಯಿತು. ಅಲ್ಲಿ ದೇವರಿಗೂ ‘ದೌ’, ಸೈತಾನನಿಗೂ ‘ದೌ’, ರಾಜನಿಗೂ ‘ದೌ’, ಕಳ್ಳನಿಗೂ ‘ದೌ’. ಹತ್ತು ಆಜ್ಞೆಗಳಲ್ಲಿ ‘ದೌ ಶ್ಯಾಲ್ಟ್ ನಾಟ್’ ಎಂದು ದೇವರೇ ಮನುಷ್ಯನಿಗೆ ಹೇಳುತ್ತಾನೆ. ಅದು ಗೌರವದ ಮಾತಾಗಿದ್ದರೆ ದೇವರು ನಮಗೆ ‘ತಾವು ಕದಿಯಕೂಡದು’ ಎಂದ ಹಾಗಾಗುತ್ತಿತ್ತು!

ಈ ಪದ್ಧತಿಯಿಂದ ಒಂದು ದೊಡ್ಡ ಲಾಭ ಇತ್ತು. ಲೂಕನ ಸುವಾರ್ತೆಯ 22ನೇ ಅಧ್ಯಾಯದಲ್ಲಿ ಯೇಸು ಶಿಷ್ಯ ಸೀಮೋನನಿಗೆ ಹೇಳುವ ಮಾತಿದೆ. ಸೈತಾನ ‘ಯೂ’ ಬೇಕೆಂದು ಕೇಳಿದ್ದಾನೆ, ಗೋಧಿಯಂತೆ ಜರಡಿ ಹಿಡಿಯಲು. ಆದರೆ ನಾನು ‘ದೀ’ಗಾಗಿ ಪ್ರಾರ್ಥಿಸಿದ್ದೇನೆ. ‘ಯೂ’ ಅಂದರೆ ಶಿಷ್ಯರೆಲ್ಲರೂ. ‘ದೀ’ ಅಂದರೆ ಸೀಮೋನ ಒಬ್ಬನೇ. ಈಗಿನ ಇಂಗ್ಲಿಷ್ ಅನುವಾದದಲ್ಲಿ ಎರಡು ಕಡೆಯೂ ಬರೀ ‘ಯೂ’ ಹಾಕಿದರೆ ಈ ವ್ಯತ್ಯಾಸ ಕೈಜಾರುತ್ತದೆ. ಕನ್ನಡದಲ್ಲಿ ‘ನಿಮ್ಮನ್ನು’, ‘ನಿನಗಾಗಿ’ ಎಂದ ಕೂಡಲೇ ಮಗುವಿಗೂ ತಿಳಿಯುತ್ತದೆ. ಕನ್ನಡದ ಎಷ್ಟೋ ಚರ್ಚುಗಳಲ್ಲಿ ‘ಪರಲೋಕದಲ್ಲಿರುವ ನಮ್ಮ ತಂದೆಯೇ, ನಿನ್ನ ನಾಮವು’ ಎಂದೇ ಪ್ರಾರ್ಥಿಸುತ್ತಾರೆ, ಗಮನಿಸಿ. ನಮ್ಮಲ್ಲಿ ದೇವರಿಗೆ ಏಕವಚನ ಹೊಸದೇನೂ ಅಲ್ಲ. ವಚನಗಳಲ್ಲಿ ನೀನೂ ಇದೆ, ನೀವೂ ಇದೆ. ದಾಸರಂತೂ ಹರಿಯನ್ನು ಏಕವಚನದಲ್ಲೇ ಗದರಿದ್ದು ಜಾಸ್ತಿ. ಅಪ್ಪನಿಗೆ ‘ನೀವು’ ಎನ್ನುವವರೂ ದೇವರ ಮುಂದೆ ನಿಂತಾಗ ‘ನೀನೇ ಕಾಪಾಡಪ್ಪ’ ಎನ್ನುತ್ತಾರೆ.

ತಿರುವು ಬಂದದ್ದು ಆಮೇಲೆ. ಬೀದಿಯ ಮಾತಿನಿಂದ ‘ದೌ’ ಹೊರಟುಹೋಯಿತು. ಚರ್ಚಿನಲ್ಲಿ ಮಾತ್ರ ಉಳಿಯಿತು. ಮನೆಯಲ್ಲಿ, ಅಂಗಡಿಯಲ್ಲಿ, ಎಲ್ಲೂ ಕೇಳದ ಪದ ಭಾನುವಾರ ಪೀಠದ ಮುಂದೆ ಮಾತ್ರ ಕೇಳಿಸಿದರೆ ಮಕ್ಕಳು ಏನೆಂದುಕೊಳ್ಳುತ್ತಾರೆ? ಇದು ದೇವರಿಗೆಂದೇ ಎತ್ತಿಟ್ಟ ಮಡಿ ಮಾತು ಎಂದು. ನೀವೂ ಹಾಗೇ ಅಂದುಕೊಂಡಿರಿ. ಅನುವಾದಕರೂ ಹಾಗೇ ಅಂದುಕೊಂಡರು. 1952ರಲ್ಲಿ ಅಮೆರಿಕದಲ್ಲಿ ಬಂದ ರಿವೈಸ್ಡ್ ಸ್ಟ್ಯಾಂಡರ್ಡ್ ಬೈಬಲ್ಲಿನಲ್ಲಿ ಮನುಷ್ಯರಿಗೆಲ್ಲ ‘ಯೂ’ ಹಾಕಿ, ದೇವರಿಗೆ ಮಾತ್ರ ‘ದೌ’ ಉಳಿಸಿದರು. ಆಗ ಒಂದು ತೊಡಕು ಎದ್ದಿತು. ಭೂಮಿಯ ಮೇಲೆ ನಡೆದಾಡುತ್ತಿದ್ದ ಯೇಸುವಿಗೆ ಯಾವುದು? ಅಲ್ಲಿ ‘ಯೂ’ ಹಾಕಿದರು. ಯೇಸುವಿನ ದೈವತ್ವ ಕಡಿಮೆ ಮಾಡಿದಿರಿ ಎಂದು ಕೆಲವರು ತಕರಾರು ತೆಗೆದರು. ಏಕವಚನ ಕೊಡಲಿಲ್ಲ, ಅದಕ್ಕೇ ಅಗೌರವ ಎಂಬ ದೂರು! ಕೋಕ್ ಕೇಳಿದ್ದರೆ ಬಿದ್ದು ಬಿದ್ದು ನಗುತ್ತಿದ್ದ. ಅದರ ಹೊಸ ಆವೃತ್ತಿ 1989ರಲ್ಲಿ ಬಂದಾಗ ‘ದೌ’ ಪೂರ್ತಿ ಕೈಬಿಟ್ಟರು.

ನಮ್ಮ ದೇಶದಲ್ಲಿ ಈ ತಪ್ಪು ತಿಳಿವಳಿಕೆಗೆ ಠಾಕೂರರ ಇಂಗ್ಲಿಷ್ ‘ಗೀತಾಂಜಲಿ’ಯೂ ಸ್ವಲ್ಪ ಕಾರಣ ಎಂದು ನನ್ನ ಅನುಮಾನ. 1912ರಲ್ಲಿ ಲಂಡನ್ನಿನಲ್ಲಿ ಬಂದ ಆ ಪುಸ್ತಕದ ಮೊದಲ ಸಾಲಿನಲ್ಲೇ ‘ದೌ’ ಇದೆ. ಬಂಗಾಳಿ ಮೂಲದಲ್ಲಿ ಇರುವುದು ‘ತುಮಿ’, ಹತ್ತಿರದವರಿಗೆ ಹೇಳುವ ಮಾತು. ಆ ಸಲಿಗೆ ತರಲು ಇಂಗ್ಲಿಷಿನಲ್ಲಿ ಇದ್ದದ್ದು ಈ ಒಂದೇ ಪದ. ಆದರೆ ಓದಿದವರ ಕಿವಿಗೆ ಸಲಿಗೆ ಬೀಳಲಿಲ್ಲ, ಗುಡಿಯ ಗಂಟೆ ಕೇಳಿಸಿತು. ತತ್ವಜ್ಞಾನಿ ಮಾರ್ಟಿನ್ ಬೂಬರನಿಗೂ ಇದೇ ಗತಿ. ಅವನ ಜರ್ಮನ್ ಪುಸ್ತಕ 1923ರಲ್ಲಿ ಬಂತು. ಹೆಸರಿನ ಅರ್ಥ ‘ನಾನು ಮತ್ತು ನೀನು’, ಅಷ್ಟೇ. ಇಂಗ್ಲಿಷಿಗೆ ಬಂದಾಗ ‘ಐ ಆ್ಯಂಡ್ ದೌ’ ಆಯಿತು. 1970ರಲ್ಲಿ ಅದನ್ನು ಮತ್ತೆ ಅನುವಾದಿಸಿದ ವಾಲ್ಟರ್ ಕೌಫ್‌ಮನ್ ಜಗಳ ತೆಗೆದ. ಜರ್ಮನ್ ಪ್ರೇಮಿಗಳು ದಿನಾ ಹೇಳುವ ‘ದು’ ಎಲ್ಲಿ, ಈ ‘ದೌ’ ಎಲ್ಲಿ ಎಂದ. ಒಳಗೆಲ್ಲ ‘ಯೂ’ ಎಂದು ಬದಲಿಸಿದ. ಹೊರಗಿನ ಹೆಸರು ಮಾತ್ರ ಬದಲಿಸಲು ಆಗಲಿಲ್ಲ. ಕನ್ನಡದಲ್ಲಿ ಈ ಕಷ್ಟವೇ ಇಲ್ಲ.

‘ದೌ’ ಯಾಕೆ ಹೋಯಿತು ಎಂದಿರಿ. ಒಂದೇ ಕಾರಣ ಹೇಳಲು ಬರುವುದಿಲ್ಲ. ಬೆಂಗಳೂರಿನಲ್ಲಿ ಗುರುತಿಲ್ಲದವರ ಹತ್ತಿರ ಮಾತಾಡುವಾಗ ನಾವೇನು ಮಾಡುತ್ತೇವೆ? ಎದುರಿಗಿರುವವರು ಯಾರೋ ಏನೋ, ಯಾಕೆ ಬೇಕು, ‘ನೀವು’ ಎಂದುಬಿಡೋಣ ಎನ್ನುತ್ತೇವೆ. ಹದಿನೇಳನೇ ಶತಮಾನದ ಲಂಡನ್ನಿನಲ್ಲಿ ಆದದ್ದೂ ಅದೇ ಎಂದು ನನಗೆ ಅನ್ನಿಸುತ್ತದೆ. ಹಳ್ಳಿಗಳಿಂದ ಜನ ಬಂದು ತುಂಬುತ್ತಿದ್ದರು. ವ್ಯಾಪಾರದಿಂದ ದುಡ್ಡು ಮಾಡಿದವರು ಜಮೀನ್ದಾರರ ಹಾಗೆ ಬಟ್ಟೆ ಹಾಕುತ್ತಿದ್ದರು. ‘ಯೂ’ ಅಂದರೆ ಯಾರಿಗೂ ಬೇಜಾರಿಲ್ಲ. ‘ದೌ’ ಅಂದರೆ ಹಲ್ಲು ಉದುರಬಹುದು.

ಹಲ್ಲು ಉದುರುವುದು ಸುಮ್ನೆ ಹೇಳಿದ ಮಾತಲ್ಲ. ಅದೇ ಕಾಲದಲ್ಲಿ ಕ್ವೇಕರರು ಎಂಬ ಕ್ರೈಸ್ತ ಪಂಗಡ ಹುಟ್ಟಿತು. ಅವರ ಹಿರಿಯ ಜಾರ್ಜ್ ಫಾಕ್ಸ್. ದೇವರ ಮುಂದೆ ಎಲ್ಲರೂ ಒಂದೇ, ಹಾಗಿರುವಾಗ ಒಬ್ಬ ಮನುಷ್ಯನಿಗೆ ಬಹುವಚನ ಕೊಡುವುದು ಸುಳ್ಳು ಹೇಳಿದ ಹಾಗೆ ಎಂದು ಅವನ ವಾದ. ಬಡವ ಶ್ರೀಮಂತ ನೋಡದೆ ಎಲ್ಲರಿಗೂ ‘ದೌ’ ಎನ್ನಬೇಕು. ಯಾರ ಮುಂದೆಯೂ ಟೋಪಿ ತೆಗೆಯಬಾರದು. 1660ರಲ್ಲಿ ಫಾಕ್ಸ್ ಮತ್ತು ಅವನ ಜೊತೆಗಾರರು ಇದಕ್ಕೆಂದೇ ಒಂದು ದಪ್ಪ ಪುಸ್ತಕ ಹಾಕಿದರು. ಹತ್ತಾರು ಭಾಷೆಗಳಿಂದ ಉದಾಹರಣೆ ಕೊಟ್ಟು, ಏಕವಚನ ಯಾವುದು ಬಹುವಚನ ಯಾವುದು ಎಂದು ಓದಿದವರಿಗೇ ಪಾಠ ಹೇಳಿದರು. ವ್ಯಾಕರಣಕ್ಕಾಗಿ ಏಟು ತಿನ್ನಲು ತಯಾರಾದ ಇನ್ನೊಂದು ಗುಂಪು ನನಗೆ ಗೊತ್ತಿಲ್ಲ.

ಏಟು ತಿಂದವರಲ್ಲಿ ಥಾಮಸ್ ಎಲ್‌ವುಡ್ ಒಬ್ಬ. ಆಕ್ಸ್‌ಫರ್ಡ್‌ಶೈರಿನ ಹುಡುಗ. ಅಪ್ಪ ಊರಿಗೆ ದೊಡ್ಡ ಮನುಷ್ಯ, ಸಣ್ಣ ಮೊಕದ್ದಮೆಗಳ ತೀರ್ಪು ಕೊಡುವವನು. ಮಗ ಕ್ವೇಕರರ ಜೊತೆ ಸೇರಿ, ಮನೆಯಲ್ಲೂ ಟೋಪಿ ಹಾಕಿಕೊಂಡೇ ಓಡಾಡಿದ. ಅಪ್ಪ ಬಡಿದ, ಟೋಪಿಗಳನ್ನು ಒಂದೊಂದಾಗಿ ಕಿತ್ತುಕೊಂಡ. ಟೋಪಿಗಿಂತ ಅಪ್ಪನಿಗೆ ಜಾಸ್ತಿ ಉರಿದದ್ದು ಈ ‘ದೌ’. ‘ಇನ್ನೊಂದು ಸಲ ನನಗೆ ದೌ, ದೀ ಅಂದರೆ ಹಲ್ಲು ಗಂಟಲಿಗೆ ಇಳಿಯುವ ಹಾಗೆ ಹೊಡೆಯುತ್ತೇನೆ’ ಎಂದನಂತೆ. ಎಲ್‌ವುಡ್ ತನ್ನ ಆತ್ಮಕಥೆಯಲ್ಲಿ ಇದನ್ನು ಬರೆದಿದ್ದಾನೆ. ಮುಂದೆ ಇದೇ ಹುಡುಗ, ಕಣ್ಣು ಕಳೆದುಕೊಂಡಿದ್ದ ಕವಿ ಮಿಲ್ಟನ್ನಿಗೆ ಪುಸ್ತಕ ಓದಿ ಹೇಳುವ ಕೆಲಸ ಮಾಡಿದ. ಅಪ್ಪನಿಗೆ ‘ನೀನು’ ಎನ್ನುವ ಕನ್ನಡ ಮನೆಗಳು ಬೇಕಾದಷ್ಟಿವೆ. ಆದರೆ ಹುಟ್ಟಿದಾಗಿನಿಂದ ‘ನೀವು’ ಎಂದ ಮಗ ಒಂದು ಬೆಳಿಗ್ಗೆ ಎದ್ದು ‘ನೀನು’ ಎಂದರೆ ಏನಾಗುತ್ತದೆ ಎಂದು ಯೋಚಿಸಿ. ಆ ಅಪ್ಪನ ಮೇಲೂ ಸ್ವಲ್ಪ ಕನಿಕರ ಬರುತ್ತದೆ.

ಕ್ವೇಕರರ ಹಟದಿಂದ ‘ದೌ’ ಉಳಿಯಲಿಲ್ಲ. ಅದು ಪಂಗಡದ ಮಾತು ಎಂದು ಬೇರೆಯವರು ಇನ್ನಷ್ಟು ದೂರ ಸರಿದಿರಲೂಬಹುದು. ಕ್ವೇಕರರ ಬಾಯಲ್ಲೂ ಅದು ಬದಲಾಯಿತು. ಅಮೆರಿಕದ ಕ್ವೇಕರ್ ಮನೆಗಳಲ್ಲಿ ‘ದೌ ಆರ್ಟ್’ ಹೋಗಿ ‘ದೀ ಈಸ್’ ಬಂತು. ‘ನಿನ್ನನ್ನು ಬಂದ’ ಎಂದ ಹಾಗೆ. ವ್ಯಾಕರಣಕ್ಕಾಗಿ ಹೊಡೆದಾಡಿದವರ ಮೊಮ್ಮಕ್ಕಳು ವ್ಯಾಕರಣವನ್ನೇ ಕೆಡಿಸಿದರು. ಅತ್ತ ಸ್ವೀಡನ್ನಿನಲ್ಲಿ 1960ರ ದಶಕದ ಕೊನೆಗೆ ಫಾಕ್ಸ್‌ನ ಆಸೆಯೇ ಬೇರೆ ದಾರಿಯಲ್ಲಿ ಈಡೇರಿತು. ಅಲ್ಲಿ ಎಲ್ಲರೂ ಎಲ್ಲರಿಗೂ ಏಕವಚನದ ‘ದು’ ಎನ್ನತೊಡಗಿದರು. ಇಂಗ್ಲಿಷಿನವರು ಎಲ್ಲರನ್ನೂ ಮೇಲಕ್ಕೆ ಎತ್ತಿ ಸಮ ಮಾಡಿದರು, ಸ್ವೀಡನ್ನಿನವರು ಎಲ್ಲರನ್ನೂ ಕೆಳಗಿಳಿಸಿ ಸಮ ಮಾಡಿದರು.

‘ದೌ’ ಪೂರ್ತಿ ಸತ್ತಿಲ್ಲ. ಉತ್ತರ ಇಂಗ್ಲೆಂಡಿನ ಯಾರ್ಕ್‌ಶೈರ್ ಕಡೆ ಹಳೆಯ ಜನರ ಆಡುಮಾತಿನಲ್ಲಿ ಅದು ‘ದಾ’ ಆಗಿ ಉಳಿದಿದೆ. ಅಲ್ಲಿ ಒಂದು ಗಾದೆಯಂಥ ಮಾತಿದೆ. ಕಿರಿಯರು ಸಲಿಗೆ ತೋರಿಸಿದರೆ, ‘ನನಗೆ ದಾ ಅನ್ನಬೇಡ, ನಿನಗೆ ನೀನೇ ದಾ ಅಂದುಕೋ, ಹೇಗಿರತ್ತೆ ನೋಡು’ ಎಂದು ಗದರುತ್ತಾರೆ. ಷೆಫೀಲ್ಡಿನವರು ‘ದೀ’, ‘ದಾ’ ಎನ್ನುವಾಗ ನಾಲಿಗೆಯನ್ನು ಗಟ್ಟಿಯಾಗಿ ಒತ್ತಿ ‘ಡೀ’, ‘ಡಾ’ ಎನ್ನುತ್ತಾರೆ. ಪಕ್ಕದ ಬಾರ್ನ್ಸ್‌ಲಿಯವರು ಅವರಿಗೆ ‘ಡೀ-ಡಾ’ಗಳು ಎಂದೇ ಅಡ್ಡಹೆಸರು ಇಟ್ಟಿದ್ದಾರೆ. ಸ್ಕಾಟ್ಲೆಂಡಿನಾಚೆಯ ಷೆಟ್‌ಲೆಂಡ್ ದ್ವೀಪಗಳಲ್ಲಿ ಅದು ‘ದು’. ಉಳಿದ ಕಡೆ ಚೂರುಪಾರು. ಚರ್ಚಿನ ಮದುವೆಯಲ್ಲಿ ಉಂಗುರ ತೊಡಿಸುವಾಗಿನ ಹಳೆಯ ಮಾತಿನಲ್ಲಿ ‘ದೀ’ ಇದೆ. ‘ಹೋಲಿಯರ್ ದ್ಯಾನ್ ದೌ’ ಎಂಬ ನುಡಿಗಟ್ಟು ಯೆಶಾಯನ ಪುಸ್ತಕದಿಂದ ಬಂದದ್ದು, ‘ನಿನಗಿಂತ ನಾನು ಮಡಿ’ ಎಂದು ಮೆರೆಯುವವರಿಗೆ ಈಗಲೂ ಹೇಳುತ್ತಾರೆ.

ಒಂದು ಪದ ಕಳೆದುಕೊಂಡ ಮೇಲೆ ಇಂಗ್ಲಿಷಿಗೆ ತೂತು ಬಿತ್ತು. ‘ಯೂ’ ಅಂದರೆ ಒಬ್ಬರೋ ಹತ್ತು ಜನರೋ ತಿಳಿಯುವುದಿಲ್ಲ. ಹಾಗಾಗಿ ಬಹುವಚನಕ್ಕೆ ಹೊಸ ತೇಪೆ ಹಾಕಿದರು. ಅಮೆರಿಕದ ದಕ್ಷಿಣದಲ್ಲಿ ‘ಯಾಲ್’, ಪಿಟ್ಸ್‌ಬರ್ಗಿನಲ್ಲಿ ‘ಯಿನ್ಜ್’, ಐರ್ಲೆಂಡಿನಲ್ಲಿ ‘ಯೂಸ್’. ಅಮೆರಿಕದಿಂದ ರಜೆಗೆ ಬಂದ ಮಕ್ಕಳು ಅಜ್ಜಿ ತಾತನಿಗೂ ‘ಯೂ ಗೈಸ್’ ಎನ್ನುತ್ತಾರಲ್ಲ, ಅದೂ ಈ ತೂತು ಮುಚ್ಚುವ ಕೆಲಸವೇ. ಬೈಯಬೇಡಿ.

ಕನ್ನಡಕ್ಕೂ ಈ ಪದಕ್ಕೂ ಒಂದು ಹಳೆಯ ನೆಂಟಸ್ತನ ಇದೆ. ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದರಲ್ಲಿ ‘ನೀನು’ ಪದಕ್ಕೆ ಕೊಟ್ಟ ಅರ್ಥ ‘ದೌ’. ಆಗ ಸಾಮಾನ್ಯ ಇಂಗ್ಲಿಷಿನಲ್ಲಿ ಹಾಗೆ ಮಾತಾಡುತ್ತಿರಲಿಲ್ಲ. ಆದರೆ ನಮ್ಮ ‘ನೀನು’ ಎದುರಿಗೆ ‘ಯೂ’ ಇಟ್ಟರೆ ‘ನೀವು’ ಎದುರಿಗೆ ಏನಿಡುವುದು? ಸತ್ತ ಪದವನ್ನು ಎಬ್ಬಿಸಿ ಕೂರಿಸಿದರು. ಆ ಕಾಲದ ವ್ಯಾಕರಣ ಪುಸ್ತಕಗಳಲ್ಲೂ ಹಾಗೇ. ಪಾದ್ರಿಗಳು ಕನ್ನಡ ಕಲಿತದ್ದೇ ‘ದೌ’ ಹಿಡಿದುಕೊಂಡು.

ಮಗಳಿಗೆ ಪರೀಕ್ಷೆಗೆ ಉಪಯೋಗಕ್ಕೆ ಬರುವ ಎರಡು ಮಾತು. ‘ದೌ’ ಬಂದರೆ ಕ್ರಿಯಾಪದದ ಬಾಲ ಬದಲಾಗಬೇಕು. ದೌ ಆರ್ಟ್, ದೌ ಹ್ಯಾಸ್ಟ್, ದೌ ಗೋಯೆಸ್ಟ್. ಕೊನೆಯ ‘ಸ್ಟ್’ ನಮ್ಮ ‘ಹೋಗ್ತೀಯ’ದ ‘ಈಯ’ ಇದ್ದ ಹಾಗೆ. ‘ಹ್ಯಾತ್’, ‘ಗೋಯೆತ್’ ಬೇರೆ, ಅವು ‘ಅವನು’, ‘ಅವಳು’ಗೆ. ಹಳೆಯ ಕಾಲದ ಇಂಗ್ಲಿಷಿನ ಅಣಕ ಮಾಡುವವರು ಎಲ್ಲದಕ್ಕೂ ‘ಎತ್’ ಸೇರಿಸುತ್ತಾರೆ. ಅದು ‘ನಾನು ಹೋಗ್ತಾನೆ’ ಎಂದಷ್ಟೇ ತಪ್ಪು. ಇನ್ನೊಂದು, ಜೂಲಿಯೆಟ್ ಕೇಳುವ ‘ವೇರ್‌ಫೋರ್ ಆರ್ಟ್ ದೌ ರೋಮಿಯೋ’ ಅಂದರೆ ‘ಎಲ್ಲಿದ್ದೀಯ ರೋಮಿಯೋ’ ಅಲ್ಲ. ‘ವೇರ್‌ಫೋರ್’ ಅಂದರೆ ಯಾಕೆ. ಬೇರೆ ಮನೆತನದ ಹುಡುಗನಾಗದೆ ನೀನು ಯಾಕಪ್ಪ ರೋಮಿಯೋನೇ ಆದೆ ಎಂದು ಅವಳ ಗೋಳು.

ನಿಮ್ಮ ಮನೆಯಲ್ಲಿ ಯಾರಾದರೂ ಲೇತ್ ಮೆಷಿನ್ನಿನ ಕೆಲಸ ಬಲ್ಲವರಿದ್ದರೆ ಅವರು ಇದನ್ನು ಓದಿ ತಲೆ ಕೆರೆದುಕೊಳ್ಳಬಹುದು. ಇಂಚಿನ ಲೆಕ್ಕದಲ್ಲಿ ಕೆಲಸ ಮಾಡುವ ವರ್ಕ್‌ಶಾಪುಗಳಲ್ಲಿ ‘ಹತ್ತು ಥೌ ತೆಗಿ’ ಎನ್ನುತ್ತಾರೆ. ಸ್ಪೆಲಿಂಗ್ ಇದೇ. ಪದ ಬೇರೆ. ಅದು ‘ಥೌಸಂಡ್’ ಮೊಟಕಾದದ್ದು, ಇಂಚಿನ ಸಾವಿರದಲ್ಲೊಂದು ಪಾಲು, ಅಂದರೆ 0.0254 ಮಿಲಿಮೀಟರ್. ಅಲ್ಲಿ ಮಾತ್ರ ನೀವು ಧಾರಾಳವಾಗಿ ‘ಥೌ’ ಎನ್ನಬಹುದು.